ಮೊತ್ತ ತಾಳೆಯಾಯ್ತು ಸರಿ, ಆ ಅಂಕಿ ಯಾರದು?

ಗಂಗೊಳ್ಳಿ ಬಂದರಿನಲ್ಲಿ ಬೆಳಿಗ್ಗೆ ಯಾರಾದರೂ ಬರೀ ‘200 ಕೆ.ಜಿ.’ ಅಂದರೆ ಏನೂ ಹೇಳಿದಂತಾಗುವುದಿಲ್ಲ. ‘ಎಂತ ಮೀನ್ ಮಾರಾಯ್ರೆ? ಯಾರ ಬೋಟ್? ಇವತ್ತಿಂದಾ, ನಿನ್ನೆದಾ?’ ಅಂತ ಮರುಪ್ರಶ್ನೆ ಬಂದೇ ಬರುತ್ತದೆ. 200 ಕೆ.ಜಿ. ಬಂಗುಡೆಗೂ 200 ಕೆ.ಜಿ. ಅಂಜಲಿಗೂ ಇರುವ ವ್ಯತ್ಯಾಸವನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿಂದ ಸ್ವಲ್ಪವೇ ದೂರದ ತ್ರಾಸಿಯಲ್ಲಿ, ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ನಾನು ಮಾಡುವ ಕೆಲಸವೂ ಹೆಚ್ಚುಕಡಿಮೆ ಈ ಮರುಪ್ರಶ್ನೆಗಳಿಗೆ ಉತ್ತರ ತುಂಬಿಸುವುದೇ. ಮೀನಿನ ಬದಲು ಕಂಪನಿಗಳ ಲೆಕ್ಕಪತ್ರ, ಅಷ್ಟೇ. ಈ ಕೆಲಸದ ಹೆಸರು ಎಕ್ಸ್‌ಬಿಆರ್‌ಎಲ್ ಟ್ಯಾಗಿಂಗ್. ಅಮೆರಿಕದ ಲೆಕ್ಕಿಗ ಚಾರ್ಲ್ಸ್ ಹಾಫ್‌ಮನ್ 1998ರಲ್ಲಿ ಶುರುಮಾಡಿದ ವಿಚಾರ ಇದು: ಲೆಕ್ಕಪತ್ರದ ಪ್ರತಿ ಅಂಕಿಗೂ ಕಂಪ್ಯೂಟರ್ ಓದಬಲ್ಲ ಚೀಟಿ ಅಂಟಿಸುವುದು. ಭಾರತದಲ್ಲಿ 2010-11ರ ಹಣಕಾಸು ವರ್ಷದಿಂದ ಷೇರುಪೇಟೆಯಲ್ಲಿರುವ ಕಂಪನಿಗಳೂ ನಿಗದಿತ ಗಾತ್ರ ಮೀರಿದ ಇತರ ಕಂಪನಿಗಳೂ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯಕ್ಕೆ ಹೀಗೆ ಲೆಕ್ಕ ಕೊಡಬೇಕಾಯಿತು. ಬ್ಯಾಂಕು, ವಿಮಾ ಕಂಪನಿಗಳಿಗೆ ಅಲ್ಲಿ ವಿನಾಯಿತಿ ಇತ್ತು. ಆದರೆ ಷೇರುಪೇಟೆಗೆ ಸಲ್ಲಿಸುವ ಫಲಿತಾಂಶಕ್ಕೆ ಅವೂ ಟ್ಯಾಗ್ ಹಾಕಲೇಬೇಕು.

ಚೀಟಿ ಅಂದೆನಲ್ಲ, ಅದರಲ್ಲಿ ಏನೇನಿರುತ್ತದೆ? ಇದು ಆದಾಯವೋ ಖರ್ಚೋ, ಯಾವ ಕಂಪನಿಯದು, ಯಾವ ಅವಧಿಯದು, ರೂಪಾಯಿಯಲ್ಲೋ ಡಾಲರಿನಲ್ಲೋ. ಇಷ್ಟು ಎಲ್ಲ ಅಂಕಿಗೂ ಬೇಕು. ಇಷ್ಟರಿಂದ ಮುಗಿಯದಿದ್ದಾಗ ಬರುವುದೇ ಡೈಮೆನ್ಷನ್.

ಬ್ಯಾಂಕಿನ ತ್ರೈಮಾಸಿಕ ಫಲಿತಾಂಶವನ್ನೇ ತಗೊಳ್ಳಿ. ಆದಾಯವನ್ನು ವಿಭಾಗವಾರು ಒಡೆದು ತೋರಿಸಿರುತ್ತಾರೆ: ಟ್ರೆಜರಿ, ಕಾರ್ಪೊರೇಟ್, ರಿಟೇಲ್, ಇತರ. ನಾಲ್ಕೂ ‘ಆದಾಯ’ವೇ, ಅವಧಿಯೂ ಒಂದೇ. ಬೇರೆಯಾಗಿರುವುದು ವಿಭಾಗ ಮಾತ್ರ. ಈ ‘ವಿಭಾಗ’ ಎಂಬ ಪ್ರಶ್ನೆಗೆ ಸಾಫ್ಟ್‌ವೇರ್‌ನಲ್ಲಿ ಆಕ್ಸಿಸ್ ಅಂತಾರೆ. ‘ರಿಟೇಲ್’ ಎಂಬ ಉತ್ತರಕ್ಕೆ ಮೆಂಬರ್. ಅಂಕಿಯನ್ನು ಆರಿಸಿ, ‘ಆದಾಯ’ದ ಟ್ಯಾಗ್ ಹಾಕಿ, ಮೇಲಿಂದ ಆಕ್ಸಿಸ್ ಮತ್ತು ಮೆಂಬರ್ ಸೇರಿಸಬೇಕು. ಒಂದೇ ಅಂಕಿಗೆ ಎರಡು ಮೂರು ಆಕ್ಸಿಸ್ ಕೂಡ ಬರಬಹುದು. ಸ್ಥಿರಾಸ್ತಿಯ ಪಟ್ಟಿಯಲ್ಲಿ ಕಟ್ಟಡವೋ ಯಂತ್ರವೋ, ಸ್ವಂತದ್ದೋ ಲೀಸಿನದ್ದೋ, ಕೊಂಡ ಮೌಲ್ಯವೋ ಈವರೆಗಿನ ಸವಕಳಿಯೋ ಎಂದು ಮೂರು ಪ್ರಶ್ನೆಗಳು ಒಟ್ಟಿಗೆ ಬರುತ್ತವೆ. ಹೊಸಬರಿಗೆ ತಲೆ ತಿರುಗುವುದು ಇಲ್ಲೇ.

ಇನ್ನು ಡಿಫಾಲ್ಟ್ ಎಂಬ ಒಂದು ಗುಂಡಿ ಇದೆ, ಸುಮಾರು ಜನ ಬೀಳುವುದು ಅದಕ್ಕೆ. ಡೈಮೆನ್ಷನ್ ಹಾಕದೆ ಬಿಟ್ಟರೆ ಸಾಮಾನ್ಯವಾಗಿ ಕಂಪ್ಯೂಟರ್ ‘ಉತ್ತರ ಗೊತ್ತಿಲ್ಲ’ ಅಂದುಕೊಳ್ಳುವುದಿಲ್ಲ, ‘ಇದು ಒಟ್ಟು ಮೊತ್ತ’ ಅಂದುಕೊಳ್ಳುತ್ತದೆ. ರಿಟೇಲ್ ವಿಭಾಗದ 300 ಕೋಟಿಗೆ ಮೆಂಬರ್ ಕೊಡಲು ಮರೆತರೆ ಇಡೀ ಬ್ಯಾಂಕಿನ ಆದಾಯವೇ 300 ಕೋಟಿ ಎಂದಾಯಿತು. ನಿಜವಾದ ಒಟ್ಟು ಮೊತ್ತ 1,000 ಕೋಟಿಗೂ ಅದೇ ಟ್ಯಾಗ್ ಇದ್ದರೆ ಪರವಾಗಿಲ್ಲ, ‘ಒಂದೇ ಚೀಟಿಗೆ ಎರಡು ಬೇರೆ ಅಂಕಿ’ ಅಂತ ಸಾಫ್ಟ್‌ವೇರ್ ಸಾಧಾರಣವಾಗಿ ಎಚ್ಚರಿಸುತ್ತದೆ. ಒಟ್ಟು ಮೊತ್ತಕ್ಕೆ ಬೇರೆ ಟ್ಯಾಗ್ ಬಳಸಿದ್ದರೆ ಮಾತ್ರ ತಪ್ಪು ಸದ್ದಿಲ್ಲದೆ ದಾಟಿಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದು ಅದಲುಬದಲು. ನನ್ನ ಕೈಯಿಂದಲೇ ಆಗಿದೆ, ಹಾಗಾಗಿ ಹೇಳುವ ಹಕ್ಕಿದೆ. ಒಂದು ಕಂಪನಿಯ ಹಿಂದಿನ ತ್ರೈಮಾಸಿಕದ ಫೈಲನ್ನೇ ಮುಂದುವರಿಸಿ ಹೊಸ ಅಂಕಿ ತುಂಬಿಸುತ್ತಿದ್ದೆ. ಎಲ್ಲರೂ ಮಾಡುವುದು ಹಾಗೇ, ಟ್ಯಾಗುಗಳು ತಾವಾಗಿಯೇ ಮುಂದಕ್ಕೆ ಬರುತ್ತವೆ. ಆದರೆ ಆ ಸಲ ಅವರು ಕೋಷ್ಟಕದಲ್ಲಿ ಎರಡು ವಿಭಾಗಗಳ ಸಾಲನ್ನು ಹಿಂದುಮುಂದು ಮಾಡಿದ್ದರು. ಹಳೆಯ ಮೆಂಬರುಗಳು ಹಳೆಯ ಜಾಗದಲ್ಲೇ ಉಳಿದವು. ನಷ್ಟದಲ್ಲಿದ್ದ ವಿಭಾಗ ಲಾಭದಲ್ಲಿದ್ದಂತೆ, ಲಾಭದ್ದು ನಷ್ಟದಲ್ಲಿದ್ದಂತೆ ಆಯಿತು. ಕೂಡಿದರೆ ಮೊತ್ತ ಪೈಸೆ ತಪ್ಪದೆ ಅಷ್ಟೇ! ಸಾಫ್ಟ್‌ವೇರ್ ಹಸಿರು ಗುರುತು ಕೊಟ್ಟಿತು. ಸಲ್ಲಿಕೆಗೆ ಮೊದಲು ಸಹೋದ್ಯೋಗಿಯೊಬ್ಬರು ‘ಈ ವಿಭಾಗ ಯಾವಾಗ ಲಾಭಕ್ಕೆ ಬಂತು?’ ಅಂತ ಕೇಳದಿದ್ದರೆ ಹಾಗೇ ಹೋಗುತ್ತಿತ್ತು.

ಹಸಿರು ಗುರುತು ಹೇಳುವುದು ಫೈಲಿನ ರಚನೆ ಸರಿಯಿದೆ ಅಂತ ಮಾತ್ರ. ಅಂಕಿ ಯಾರದ್ದು ಎಂಬುದು ಅದಕ್ಕೆ ಗೊತ್ತಾಗುವ ವಿಷಯವಲ್ಲ. ನನ್ನ ತಕರಾರು ಇಲ್ಲೇ ಇರುವುದು. ಲೆಕ್ಕ ಬರೆದವರು, ಆಡಿಟ್ ಮಾಡಿದವರು ಪಿಡಿಎಫ್‌ಗೆ ಸಹಿ ಹಾಕಿ ಎದ್ದುಹೋಗುತ್ತಾರೆ. ಟ್ಯಾಗಿಂಗ್ ಎಂಬುದು ಕೊನೆಯ ರಾತ್ರಿ ಎಲ್ಲೋ ದೂರದಲ್ಲಿ ಕೂತವರು ಮಾಡುವ ಗುಮಾಸ್ತಿಕೆ ಅಂತ ತಿಳಿದಿದ್ದಾರೆ. ಆದರೆ ಸಾವಿರಾರು ಕಂಪನಿಗಳನ್ನು ಹೋಲಿಸುವ ಯಂತ್ರಗಳು ಓದುವುದು ಪಿಡಿಎಫ್ ಅಲ್ಲ, ಈ ಚೀಟಿಗಳನ್ನು.

ನಮಗೇನು ಅಂತ ಕೇಳಬಹುದು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ ಕರಾವಳಿ ಇದು. ಕೆನರಾದ ಲಾಭ ನೋಡುವಾಗ ಬ್ಯಾಂಕಿನದ್ದು ಮಾತ್ರವೋ, ಅಂಗಸಂಸ್ಥೆಗಳನ್ನು ಸೇರಿಸಿದ್ದೋ ಅಂತ ತಿಳಿಯದಿದ್ದರೆ ಎರಡು ಬೇರೆ ಅಂಕಿಗಳನ್ನು ಹೋಲಿಸಿ ಕೂರುತ್ತೀರಿ.

ಲಾಭದ ಲೆಕ್ಕಕ್ಕಷ್ಟೇ ಇದು ಸೀಮಿತವೂ ಅಲ್ಲ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದ ಕಂಪನಿಗಳು 2022-23ರಿಂದ ಸೆಬಿಗೆ ಬೇಕಾದ ಸುಸ್ಥಿರತಾ ವರದಿ ಕೊಡಬೇಕು. ಅದರಲ್ಲಿ ಕಾರ್ಮಿಕರ ಸಂಖ್ಯೆಯನ್ನು ಕಾಯಂ ಮತ್ತು ಕಾಯಂ ಅಲ್ಲದವರು, ಗಂಡಸರು, ಹೆಂಗಸರು ಎಂದು ಒಡೆದು ಹೇಳಬೇಕು. ಇಲ್ಲೊಂದು ಮೆಂಬರ್ ಅದಲುಬದಲಾದರೆ ಗುತ್ತಿಗೆಯ ಹೆಂಗಸರು ಕಾಗದದ ಮೇಲೆ ಕಾಯಂ ನೌಕರರಾಗಿಬಿಡುತ್ತಾರೆ. ಆಗಲೂ ಮೊತ್ತ ತಾಳೆಯಾಗಿಯೇ ಇರುತ್ತದೆ.

ನಾನೀಗ ಮೆಂಬರನ್ನು ಒಂದೊಂದೇ ಅಂಕಿಗೆ ಹಾಕುವುದಿಲ್ಲ. ಸಾಫ್ಟ್‌ವೇರ್ ಬಿಡುವ ಕಡೆಯಲ್ಲೆಲ್ಲ ಇಡೀ ಸಾಲಿಗೆ ಅಥವಾ ಕಂಬಸಾಲಿಗೆ ಹಾಕುತ್ತೇನೆ, ತಪ್ಪಿದರೆ ಕಣ್ಣಿಗೆ ರಾಚುವಷ್ಟು ದೊಡ್ಡದಾಗಿ ತಪ್ಪುತ್ತದೆ. ಮುಗಿದ ಮೇಲೆ ಮೂಲ ಪಿಡಿಎಫ್ ಮುಚ್ಚಿಟ್ಟು ಟ್ಯಾಗುಗಳಿಂದ ಮಾತ್ರ ಕೋಷ್ಟಕವನ್ನು ತಿರುಗಿ ಕಟ್ಟುತ್ತೇನೆ, ಅದನ್ನು ಹಿಂದಿನ ತ್ರೈಮಾಸಿಕದ ಪಕ್ಕದಲ್ಲಿಟ್ಟು ನೋಡುತ್ತೇನೆ. ಒಂದು ವಿಭಾಗದ ಅಂಕಿ ಏಕಾಏಕಿ ಹಾರಿದ್ದರೆ ಕಂಪನಿಯವರಿಗೆ ಫೋನ್ ಮಾಡುತ್ತೇನೆ. ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತಿದವರು ಬೈಯುತ್ತಾರೆ, ಬೈಲಿ.