ಗಿಡಮರಗಳಿಗೆ ಕಾಲಿದ್ದಿದ್ದರೆ!



ಏಪ್ರಿಲ್ ತಿಂಗಳ ಮಧ್ಯಾಹ್ನ ನೀವು ರಾಜಾಜಿನಗರದ ಡಾಂಬರು ರಸ್ತೆಯಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಬಿಸಿಲು ತಾಳಲಾಗುತ್ತಿಲ್ಲ. ಆಗ ಏನು ಮಾಡುತ್ತೀರಿ? ಓಡಿಹೋಗಿ ಮರದ ನೆರಳಿನಲ್ಲಿ ನಿಲ್ಲುತ್ತೀರಿ, ಅಲ್ಲವೆ? ಬೀದಿನಾಯಿಯೂ ಅದನ್ನೇ ಮಾಡುತ್ತದೆ, ನಿಂತ ಕಾರಿನ ಕೆಳಗೆ ನುಸುಳಿ ಮಲಗುತ್ತದೆ. ಕಾಗೆ ಎಲೆಗಳ ಮರೆಯಲ್ಲಿ ಕೊಕ್ಕು ತೆರೆದು ಕೂರುತ್ತದೆ. ಆದರೆ ನಿಮಗೆಲ್ಲ ನೆರಳು ಕೊಟ್ಟ ಆ ಹೊಂಗೆ ಮರ ಎಲ್ಲಿಗೆ ಹೋಗಬೇಕು?

ಕೇಳಲು ತಮಾಷೆಯಾಗಿದ್ದರೂ ಇದು ಇಂದು ಜಗತ್ತಿನ ವಿಜ್ಞಾನಿಗಳೆಲ್ಲ ತಲೆಕೆಡಿಸಿಕೊಂಡಿರುವ ಪ್ರಶ್ನೆ. ಭೂಮಿಯ ಹವಾಗುಣ ಬದಲಾಗುತ್ತಿದೆ. ನೆಲದ ಮೇಲಿನ ಕಾಡು, ಹುಲ್ಲುಗಾವಲು, ಜವುಗು ಪ್ರದೇಶಗಳು ಅದಕ್ಕೆ ಹೊಂದಿಕೊಳ್ಳಬಲ್ಲವೆ? ಬನ್ನಿ, ನಮ್ಮ ಕರ್ನಾಟಕದ ಕೆಲವು ಕಾಡುಗಳನ್ನೇ ನೋಡಿ ತಿಳಿಯೋಣ.

ಹವೆ ಬೇರೆ, ಹವಾಗುಣ ಬೇರೆ

2016ರ ಏಪ್ರಿಲ್ 25ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. 2024ರ ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ಅದು 133 ವರ್ಷಗಳ ಹಳೆಯ ದಾಖಲೆಯನ್ನು ಮುರಿಯಿತು. ಇವು ಒಂದೊಂದು ದಿನದ ಹವೆ. ಇದನ್ನಷ್ಟೇ ನೋಡಿ 'ಹವಾಗುಣ ಬದಲಾಯಿತು' ಎಂದು ಹೇಳಲಾಗದು. ಒಂದು ಪಂದ್ಯದಲ್ಲಿ ಶತಕ ಹೊಡೆದ ಆಟಗಾರ ಹೇಗೆ ಆಡುತ್ತಾನೆಂದು ತಿಳಿಯಲು ಅವನ ಹಲವು ಪಂದ್ಯಗಳ ಸರಾಸರಿಯನ್ನು ನೋಡುತ್ತೇವಲ್ಲವೆ? ಹಾಗೆಯೇ ಹತ್ತಾರು ವರ್ಷಗಳ ಹವೆಯ ಸರಾಸರಿಯನ್ನು ಹವಾಗುಣ ಎನ್ನುತ್ತೇವೆ.

ಆ ಸರಾಸರಿ ಏನು ಹೇಳುತ್ತದೆ? 1901ರಿಂದ 2018ರ ಅವಧಿಯಲ್ಲಿ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. ಇಡೀ ಭೂಮಿಯ ಏರಿಕೆ ಇದಕ್ಕಿಂತ ಹೆಚ್ಚು. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಾರ್ಖಾನೆಗಳ ಯುಗ ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ ಸುಮಾರು 280 ಭಾಗ ಇತ್ತು. ಈಗ 420 ಭಾಗವನ್ನು ದಾಟಿದೆ. ಭೂಮಿಯಿಂದ ಹೊರಹೋಗಬೇಕಾದ ಶಾಖವನ್ನು ಇದು ಕಂಬಳಿಯಂತೆ ಹಿಡಿದಿಟ್ಟುಕೊಳ್ಳುತ್ತದೆ.

'ಬರೀ 0.7 ಡಿಗ್ರಿ ತಾನೆ?' ಎಂದು ನೀವು ಕೇಳಬಹುದು. ಇದಕ್ಕೆ ಒಂದು ಸುಲಭ ಲೆಕ್ಕವಿದೆ.

ಬೆಟ್ಟ ಹತ್ತುವ ಲೆಕ್ಕ

ಬೆಟ್ಟ ಹತ್ತಿದಂತೆ ಚಳಿ ಹೆಚ್ಚುತ್ತದೆ. ಪ್ರತಿ 1000 ಮೀಟರ್ ಎತ್ತರಕ್ಕೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಹಾಗಾದರೆ 1 ಡಿಗ್ರಿ ಇಳಿಯಲು ಎಷ್ಟು ಮೇಲೇರಬೇಕು? 1000ವನ್ನು 6ರಿಂದ ಭಾಗಿಸಿ. ಸುಮಾರು 165 ಮೀಟರ್ ಬರುತ್ತದೆ. 0.7 ಡಿಗ್ರಿಗೆ ಸುಮಾರು 115 ಮೀಟರ್. ಅಂದರೆ ತನ್ನ ಅಜ್ಜನ ಕಾಲದ ತಂಪೇ ಬೇಕೆನ್ನುವ ಬೆಟ್ಟದ ಗಿಡವೊಂದು ಇಂದು ಅಷ್ಟು ಎತ್ತರಕ್ಕೆ ಹೋಗಿರಬೇಕು!

ಜೀವಿಗಳು ಹೀಗೆ ನಿಜವಾಗಿಯೂ ಜಾಗ ಬದಲಿಸುತ್ತಿವೆ. ಹವಾಗುಣ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2022ರಲ್ಲಿ ಒಂದು ವರದಿ ಪ್ರಕಟಿಸಿತು. ಜಗತ್ತಿನಲ್ಲಿ ಅಧ್ಯಯನಕ್ಕೆ ಒಳಪಟ್ಟ ಜೀವಿಜಾತಿಗಳಲ್ಲಿ ಸುಮಾರು ಅರ್ಧದಷ್ಟು ಧ್ರುವಗಳ ಕಡೆಗೆ ಇಲ್ಲವೆ ಎತ್ತರದ ಕಡೆಗೆ ಸರಿದಿವೆ ಎಂದು ಅದು ಹೇಳಿದೆ. ಹಕ್ಕಿ ಹಾರುತ್ತದೆ, ಚಿಟ್ಟೆಯೂ ಹಾರುತ್ತದೆ. ಮರಕ್ಕೆ ಕಾಲಿಲ್ಲ. ಅದರ ಬೀಜ ಗಾಳಿಯಲ್ಲಿ, ನೀರಿನಲ್ಲಿ ಅಥವಾ ಹಕ್ಕಿಯ ಹೊಟ್ಟೆಯಲ್ಲಿ ಪ್ರಯಾಣ ಮಾಡಬೇಕು. ಬಿದ್ದಲ್ಲಿ ಮೊಳೆತು, ಬೆಳೆದು, ಮತ್ತೆ ಬೀಜ ಬಿಡಲು ಹತ್ತಾರು ವರ್ಷ ಬೇಕು.

ತುದಿ ಮುಟ್ಟಿದ ಮೇಲೆ?

ಕರ್ನಾಟಕದ ಅತಿ ಎತ್ತರದ ಶಿಖರ ಚಿಕ್ಕಮಗಳೂರು ಜಿಲ್ಲೆಯ ಮುಳ್ಳಯ್ಯನಗಿರಿ. ಎತ್ತರ ಸುಮಾರು 1930 ಮೀಟರ್. ಅಲ್ಲಿ, ಬಾಬಾಬುಡನ್‌ಗಿರಿಯಲ್ಲಿ ಮತ್ತು ಕುದುರೆಮುಖದಲ್ಲಿ ಒಂದು ವಿಶೇಷ ಪರಿಸರ ವ್ಯವಸ್ಥೆ ಇದೆ. ದಿಣ್ಣೆಗಳ ಮೇಲೆಲ್ಲ ಹುಲ್ಲು, ಬೆಟ್ಟದ ಮಡಿಕೆಗಳಲ್ಲಿ ಮಾತ್ರ ದಟ್ಟವಾದ ಗಿಡ್ಡ ಮರಗಳ ಕಾಡು. ಇದನ್ನು ಶೋಲಾ ಕಾಡು ಎನ್ನುತ್ತಾರೆ.

ಈಗ ಲೆಕ್ಕ ಮುಂದುವರಿಸಿ. 1700 ಮೀಟರ್ ಎತ್ತರದಲ್ಲಿ ಒಂದು ಗಿಡವಿದೆ ಎನ್ನೋಣ. ಉಷ್ಣತೆ ಇನ್ನು 2 ಡಿಗ್ರಿ ಏರಿದರೆ ಅದು 330 ಮೀಟರ್ ಮೇಲೇರಬೇಕು. 1700ಕ್ಕೆ 330 ಸೇರಿಸಿದರೆ 2030. ಶಿಖರವೇ 1930 ಮೀಟರ್! ಉಳಿದ 100 ಮೀಟರಿನಲ್ಲಿ ಇರುವುದು ಬರೀ ಆಕಾಶ.

ಕುರಿಂಜಿಯ ಕಷ್ಟ ಇನ್ನೂ ದೊಡ್ಡದು. ಕುರಿಂಜಿಯಲ್ಲಿ ಕೆಲವು ಜಾತಿಗಳು 12 ವರ್ಷಕ್ಕೊಮ್ಮೆ ಒಟ್ಟಿಗೆ ಅರಳಿ, ಬೀಜ ಬಿಟ್ಟು ಒಣಗಿಹೋಗುತ್ತವೆ. ಚಿಕ್ಕಮಗಳೂರಿನ ಗಿರಿಗಳಲ್ಲಿ 2022ರಲ್ಲಿ ಕುರಿಂಜಿ ಅರಳಿ ಬೆಟ್ಟಗಳೆಲ್ಲ ನೀಲಿಯಾಗಿದ್ದವು. 12 ವರ್ಷಕ್ಕೊಮ್ಮೆ ಹೂಬಿಡುವ ಗಿಡಕ್ಕೆ 48 ವರ್ಷಗಳಲ್ಲಿ ಬೀಜ ಚೆಲ್ಲುವ ಅವಕಾಶ ಎಷ್ಟು ಸಲ? ನಾಲ್ಕೇ ಸಲ. ಏರುವ ಬಿಸಿಯ ಜೊತೆ ಅದು ಹೇಗೆ ಓಡೀತು?

ಅದೇ ಜಿಲ್ಲೆಯ ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಒಂದು ಪುಟ್ಟ ಕಪ್ಪೆ ಇದೆ. ನೀರಿನ ಸದ್ದಿನಲ್ಲಿ ಕೂಗು ಕೇಳಿಸದೆಂದು ಗಂಡು ಕಪ್ಪೆ ತೊರೆಯ ಬಂಡೆಯ ಮೇಲೆ ಕುಳಿತು ಹಿಂಗಾಲನ್ನು ಚಾಚಿ ಬಾವುಟದಂತೆ ಬೀಸುತ್ತದೆ. ಅದಕ್ಕೇ ಇದನ್ನು ಕುಣಿಯುವ ಕಪ್ಪೆ ಎನ್ನುತ್ತಾರೆ. ಕಪ್ಪೆಗಳು ತೇವದ ಚರ್ಮದ ಮೂಲಕವೂ ಉಸಿರಾಡುತ್ತವೆ. ತೊರೆ ಬೇಗ ಬತ್ತಿದರೆ ಅವುಗಳಿಗೆ ಉಳಿಗಾಲವಿಲ್ಲ. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ ಕಪ್ಪೆಯಂಥ ಉಭಯವಾಸಿಗಳ ಪ್ರತಿ 100 ಜಾತಿಗಳಲ್ಲಿ ಸುಮಾರು 41 ಅಳಿವಿನ ಅಂಚಿನಲ್ಲಿವೆ. ಇತ್ತೀಚಿನ ವರ್ಷಗಳಲ್ಲಿ ಅವುಗಳ ಸ್ಥಿತಿ ಹದಗೆಡಲು ಹವಾಗುಣ ಬದಲಾವಣೆ ಒಂದು ಮುಖ್ಯ ಕಾರಣ.

ಕೆಸರಿನಲ್ಲಿ ನಿಂತ ಕಾಡು

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡಿದೆ. ಹೆಸರೇ ಹೇಳುವಂತೆ ಹಗಲಲ್ಲೂ ಮಬ್ಬುಗತ್ತಲೆ. ಇಲ್ಲಿನ ತೊರೆಗಳ ಪಕ್ಕದ ಜೌಗು ನೆಲದಲ್ಲಿ ರಾಮಪತ್ರೆಯ ಬಳಗದ ಮರಗಳು ನಿಂತಿವೆ. ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಆದ್ದರಿಂದ ಇವುಗಳ ಬೇರು ಮಡಿಸಿದ ಮೊಣಕಾಲಿನಂತೆ ನೆಲದಿಂದ ಮೇಲೆದ್ದು ಉಸಿರಾಡುತ್ತದೆ! ಈ ಕಾಡಿನಲ್ಲಿ ಕಂಡ ಗೇರು ಜಾತಿಯ ಮರವೊಂದನ್ನು 2000ದಲ್ಲಿ ಹೊಸ ಜಾತಿಯೆಂದು ಗುರುತಿಸಿ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು.

ಅವರೆ, ಹುರುಳಿ ಬೀಜಗಳನ್ನು ಒಣಗಿಸಿ ವರ್ಷಗಟ್ಟಲೆ ಇಡಬಹುದು. ರಾಮಪತ್ರೆ ಬಳಗದ ಬೀಜ ಹಾಗಲ್ಲ, ಒಣಗಿದರೆ ಸತ್ತೇಹೋಗುತ್ತದೆ. ಬಿದ್ದ ಕಡೆ ತೇವ ಇರಲೇಬೇಕು. ಮಂಗಟ್ಟೆ ಹಕ್ಕಿಗಳು ಈ ಹಣ್ಣು ತಿಂದು ಬೀಜವನ್ನು ದೂರಕ್ಕೆ ಒಯ್ಯುತ್ತವೆ. ಆದರೆ ಹಕ್ಕಿ ಬೀಜ ಹಾಕಿದ ಜಾಗದಲ್ಲಿ ಜೌಗು ಇಲ್ಲದಿದ್ದರೆ? ಒಟ್ಟು ಮಳೆ ಅಷ್ಟೇ ಇದ್ದರೂ ಅದು ಕೆಲವೇ ದಿನ ಜೋರಾಗಿ ಸುರಿದು, ಆಮೇಲೆ ಬಹಳ ದಿನ ಒಣಗಿದರೆ ಇಂಥ ಕಾಡಿಗೆ ಪೆಟ್ಟು ಬೀಳುತ್ತದೆ. ಎಷ್ಟು ಮಳೆ ಬಂತು ಎಂಬುದರಷ್ಟೇ ಹೇಗೆ ಬಂತು ಎಂಬುದೂ ಮುಖ್ಯ.

ಒಣಗಿದ ಕಾಡಿಗೆ ಒಂದು ಕಿಡಿ

2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿತ್ತು. ನಾಲ್ಕು ಸಾವಿರ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತೆಂದು ಉಪಗ್ರಹದ ಚಿತ್ರಗಳಿಂದ ತಿಳಿಯಿತು. ಬಿಸಿಲಿಗೆ ಕಾಡು ತಾನೇ ಹೊತ್ತಿಕೊಳ್ಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ನಮ್ಮ ಕಾಡುಗಳಲ್ಲಿ ಬೆಂಕಿ ಹಚ್ಚುವುದು ಬಹುಮಟ್ಟಿಗೆ ಮನುಷ್ಯನೇ. ಆದರೆ ಬಿದ್ದ ಕಿಡಿ ಅಲ್ಲೇ ಆರುತ್ತದೆಯೋ ಬೆಟ್ಟಕ್ಕೆ ಹಬ್ಬುತ್ತದೆಯೋ ಎಂಬುದನ್ನು ಒಣಹುಲ್ಲು, ತರಗೆಲೆ ಮತ್ತು ಗಾಳಿ ನಿರ್ಧರಿಸುತ್ತವೆ. ಬಿಸಿ ಹೆಚ್ಚಿದಷ್ಟೂ ಕಾಡು ಬೇಗ ಒಣಗುತ್ತದೆ.

ಅಮೆರಿಕ ಖಂಡದಿಂದ ಬಂದ ಲಂಟಾನ ಪೊದೆ ಬಂಡೀಪುರದ ತುಂಬ ಹಬ್ಬಿದೆ. ಅದು ಬರವನ್ನು ತಾಳಿಕೊಳ್ಳುತ್ತದೆ. ಒಣಗಿದಾಗ ನೆಲದ ಬೆಂಕಿಯನ್ನು ಏಣಿಯಂತೆ ಮರದ ಕೊಂಬೆಗೆ ಏರಿಸುತ್ತದೆ. ಜಿಂಕೆ, ಆನೆ ತಿನ್ನುವ ಹುಲ್ಲಿನ ಜಾಗವನ್ನೂ ಅದೇ ಆಕ್ರಮಿಸುತ್ತದೆ. ಹೀಗೆ ಬಿಸಿ, ಬೆಂಕಿ, ಕಳೆ ಮೂರೂ ಒಂದಕ್ಕೊಂದು ಕೈಜೋಡಿಸುತ್ತವೆ.

ನಮ್ಮ ಪಕ್ಕದ ದ್ವೀಪಗಳು

ಇದೆಲ್ಲ ದೂರದ ಮಾತು ಎನ್ನಬೇಡಿ. ಕೆಂಗೇರಿಯ ಸಮೀಪ ತುರಹಳ್ಳಿ ಕಾಡಿದೆ. ನಾಗರಬಾವಿಗೂ ಕೆಂಗೇರಿಗೂ ನಡುವೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವಿದೆ, ಅಲ್ಲಿ ಇಂದಿಗೂ ನವಿಲು ಕೂಗುತ್ತದೆ. ತುರಹಳ್ಳಿಯ ಬಂಡೆಗಳ ನಡುವೆ ಬಂದರಿ, ತಂಗಡಿ, ಕವಳೆಯಂಥ ಕುರುಚಲು ಗಿಡಗಳು ಬೆಳೆಯುತ್ತವೆ. ಇವು ಬಿಸಿಲಿಗೆ ಹೆದರುವ ಗಿಡಗಳಲ್ಲ. ಆದರೆ ಸುತ್ತಲೂ ಬಡಾವಣೆಗಳು ಬೆಳೆದು ಈ ಹಸಿರು ಪ್ರದೇಶಗಳು ಸಮುದ್ರದ ನಡುವಿನ ದ್ವೀಪಗಳಂತಾಗಿವೆ. ಮುಳ್ಳಯ್ಯನಗಿರಿಯ ಗಿಡಕ್ಕೆ ಮೇಲೆ ಜಾಗವಿಲ್ಲ, ತುರಹಳ್ಳಿಯ ಓತಿಕೇತಕ್ಕೆ ಪಕ್ಕದಲ್ಲಿ ಜಾಗವಿಲ್ಲ. ಸಿಮೆಂಟು, ಡಾಂಬರು ಹಿಡಿದಿಟ್ಟ ಶಾಖ ಬೇರೆ.

ಇನ್ನೊಂದು ನಂಟೂ ಇದೆ. ವಿಜಯನಗರ, ಬಸವೇಶ್ವರನಗರದ ನಲ್ಲಿಗಳಲ್ಲಿ ಬರುವುದು ಕಾವೇರಿ ನೀರು, ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಮಾಡಿ ತಂದದ್ದು. ಆ ನದಿ ಹುಟ್ಟುವ ಕೊಡಗಿನ ಬೆಟ್ಟಗಳ ಕಾಡು, ಹುಲ್ಲುಗಾವಲುಗಳು ಮಳೆನೀರನ್ನು ಸ್ಪಂಜಿನಂತೆ ಹೀರಿ ನಿಧಾನವಾಗಿ ಬಿಡುತ್ತವೆ. 2023ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿ ಜನ ಕೊಡ ಹಿಡಿದು ಟ್ಯಾಂಕರಿಗೆ ಕಾದರು. ಮಳೆ ಕಡಿಮೆಯಾದ ವರ್ಷ ನದಿಯಲ್ಲಿ ನೀರು ಉಳಿಯಲು ಆ ಸ್ಪಂಜು ಬೇಕೇ ಬೇಕು.

ಏನು ಮಾಡಬಹುದು?

ಇಂಧನ ಉರಿಸುವುದನ್ನು ಕಡಿಮೆ ಮಾಡುವುದೇ ಮೂಲ ಚಿಕಿತ್ಸೆ. ಅದು ಸರ್ಕಾರಗಳು, ಕಾರ್ಖಾನೆಗಳು ಮತ್ತು ನಾವೆಲ್ಲ ಸೇರಿ ಮಾಡಬೇಕಾದ ಕೆಲಸ. ಅದರ ಜೊತೆಗೆ ಕಾಡಿನಿಂದ ಕಾಡಿಗೆ ಹಸಿರು ದಾರಿ ಉಳಿಸಬೇಕು. ಆಗ ಬೀಜವೂ ಪ್ರಾಣಿಯೂ ಸರಿದುಹೋಗಲು ಸಾಧ್ಯ. ಹುಲ್ಲುಗಾವಲನ್ನು 'ಖಾಲಿ ಜಾಗ' ಎಂದು ತಿಳಿದು ಅಲ್ಲಿ ಸಸಿ ನೆಡಬಾರದು. ಶೋಲಾ ಬೆಟ್ಟದ ಹುಲ್ಲೂ ಒಂದು ಪೂರ್ಣ ಪರಿಸರ ವ್ಯವಸ್ಥೆಯೇ. ಸಸಿ ನೆಡಲು ನಮ್ಮ ಬೀದಿ, ಶಾಲೆಯ ಅಂಗಳ ಬೇಕಾದಷ್ಟಿವೆ.

ಮಾಡಿ ನೋಡಿ

1. ಶಾಲೆಯ ಅಂಗಳದ ಅಥವಾ ಬೀದಿಯ ಒಂದು ಹೊಂಗೆ, ಬೇವು ಇಲ್ಲವೆ ಮಾವಿನ ಮರವನ್ನು ಆರಿಸಿಕೊಳ್ಳಿ. ಪ್ರತಿ ಸೋಮವಾರ ಚಿಗುರು, ಮೊಗ್ಗು, ಹೂ, ಕಾಯಿ ಇವೆಯೇ ನೋಡಿ, ದಿನಾಂಕದೊಂದಿಗೆ ಪುಸ್ತಕದಲ್ಲಿ ಬರೆಯಿರಿ. ಹೂವಿಗೆ ಬಂದ ಜೇನು, ಚಿಟ್ಟೆಗಳನ್ನೂ ಬರೆಯಿರಿ.

2. ಶಿಕ್ಷಕರ ಸಹಾಯದಿಂದ ಮಧ್ಯಾಹ್ನ 2 ಗಂಟೆಗೆ ಉಷ್ಣತಾಮಾಪಕದಲ್ಲಿ ಮರದ ನೆರಳಿನ ನೆಲ, ಬಿಸಿಲಿನ ಮಣ್ಣು ಮತ್ತು ಸಿಮೆಂಟು ನೆಲ ಮೂರರ ಉಷ್ಣತೆಯನ್ನು ಅಳೆಯಿರಿ. ವ್ಯತ್ಯಾಸವನ್ನು ಕಂಬನಕ್ಷೆಯಲ್ಲಿ ತೋರಿಸಿ.

3. ಈ ಮರ ಮೊದಲು ಯಾವ ತಿಂಗಳಲ್ಲಿ ಹೂಬಿಡುತ್ತಿತ್ತು ಎಂದು ಮನೆಯ ಅಜ್ಜಿ ತಾತಂದಿರನ್ನು ಕೇಳಿ, ನಿಮ್ಮ ದಾಖಲೆಯೊಂದಿಗೆ ಹೋಲಿಸಿ.

ದೇಶದ ಹಲವೆಡೆ ಶಾಲಾ ಮಕ್ಕಳು 'ಸೀಸನ್‌ವಾಚ್' ಯೋಜನೆಯಲ್ಲಿ ಹೀಗೆಯೇ ಮರಗಳ ದಿನಚರಿ ಬರೆಯುತ್ತಿದ್ದಾರೆ. ಒಂದು ವರ್ಷದ ದಾಖಲೆಯಿಂದ ಏನೂ ಹೇಳಲಾಗದು ಎಂಬುದನ್ನು ಮೇಲೆ ಓದಿದಿರಿ. ಆದ್ದರಿಂದ ಏಳನೆಯ ತರಗತಿ ಮುಗಿಸಿ ಹೋಗುವಾಗ ಆ ಪುಸ್ತಕವನ್ನು ಆರನೆಯ ತರಗತಿಯವರ ಕೈಗೆ ಕೊಡಿ. ಹತ್ತು ವರ್ಷ ಹಾಗೆ ಕೈಯಿಂದ ಕೈಗೆ ದಾಟಿದರೆ ನಿಮ್ಮ ಶಾಲೆಯ ಆ ಪುಸ್ತಕ ವಿಜ್ಞಾನಿಗಳೂ ಕೇಳಿ ಪಡೆಯುವಂಥ ದಾಖಲೆಯಾಗುತ್ತದೆ.