ಉಪ್ಪನ ಯೆಜ್ಡಿ, ಉಮ್ಮನ ಸೀಟು

ಹತ್ತು ವರ್ಷ ಗೋಣಿ ಹೊದ್ದು ಶೆಡ್ಡಿನಲ್ಲಿ ನಿಂತಿದ್ದ ಯೆಜ್ಡಿ ರೋಡ್‌ಕಿಂಗನ್ನು ನೆರೆಮನೆಯ ಹುಡುಗ ಅಂಗಳಕ್ಕೆ ತಳ್ಳಿಕೊಂಡು ಬಂದಾಗ ಎರಡೂ ಚಕ್ರ ತಿರುಗುತ್ತಿರಲಿಲ್ಲ. ಅವನ ಉಪ್ಪ ಸೌದಿಯಿಂದ ಮೊದಲ ರಜೆಗೆ ಬಂದಾಗ ತೆಗೆದ ಬೈಕು. ಉಪ್ಪ ಈಗಿಲ್ಲ. ಗುಜರಿಯವರು ಎರಡು ಸಲ ಬಂದು ಕೇಳಿದ್ದರು, ಉಮ್ಮ ಕೊಟ್ಟಿರಲಿಲ್ಲ.

ಹುಡುಗನ ತಲೆಯಲ್ಲಿದ್ದದ್ದು ಕೆಫೆ ರೇಸರ್. ಐವತ್ತು, ಅರುವತ್ತರ ದಶಕದ ಲಂಡನ್‌ನಲ್ಲಿ ಏಸ್ ಕೆಫೆಯಂಥ ಹೋಟೆಲುಗಳಲ್ಲಿ ಸೇರುತ್ತಿದ್ದ ಹುಡುಗರ ಹುಚ್ಚು ಅದು. ರೇಸ್ ಬೈಕು ಕೊಳ್ಳಲು ದುಡ್ಡಿಲ್ಲ, ಹಾಗಾಗಿ ಇದ್ದದ್ದರ ಭಾರವನ್ನೇ ಕಳಚಿದರು. ಹ್ಯಾಂಡಲ್ ತಗ್ಗಿಸಿದರು, ಫುಟ್‌ರೆಸ್ಟ್ ಹಿಂದಕ್ಕೆ ಸರಿಸಿದರು, ಸೀಟು ಒಬ್ಬರಿಗೆ ಮಾತ್ರ. ಗಂಟೆಗೆ 100 ಮೈಲಿ ಮುಟ್ಟುವುದೇ ಗುರಿ. ನಾರ್ಟನ್ ಫ್ರೇಮಿಗೆ ಟ್ರಯಂಫ್ ಎಂಜಿನ್ ಕೂರಿಸಿ ಅದಕ್ಕೆ 'ಟ್ರೈಟನ್' ಎಂದು ಹೆಸರಿಟ್ಟವರೂ ಅವರೇ.

ನಮ್ಮ ಯೆಜ್ಡಿ ಮೈಸೂರಿನದ್ದು. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. 250 ಸಿಸಿ, ಟೂ ಸ್ಟ್ರೋಕ್, ಎರಡು ಸೈಲೆನ್ಸರ್. ಇದರ ಗೇರೂ ಕಿಕ್ಕರೂ ಒಂದೇ ಲಿವರ್. ಮೇಲಕ್ಕೆ ತಿರುಗಿಸಿದರೆ ಕಿಕ್, ಇಳಿಸಿದರೆ ಗೇರು. ಫುಟ್‌ರೆಸ್ಟ್ ಹಿಂದಕ್ಕೆ ಹಾಕಿದರೆ ಕಾಲು ಗೇರಿಗೆ ಎಟಕುವುದಿಲ್ಲ. "ಫೋಟೋ ನೋಡಿ ಬೈಕ್ ಮಾಡ್ಲಿಕ್ಕೆ ಆಗುದಿಲ್ಲ ಮಾರಾಯ, ಇದು ಯೆಜ್ಡಿ" ಅಂದರು ಗ್ಯಾರೇಜಿನ ಕಾಕ. ಸೈಲೆನ್ಸರ್ ಕತ್ತರಿಸುವುದಕ್ಕೂ ಅವರು ಒಪ್ಪಲಿಲ್ಲ. ಟೂ ಸ್ಟ್ರೋಕಿನ ಎಳೆತದಲ್ಲಿ ಅದರ ಆಕಾರಕ್ಕೂ ಪಾಲಿದೆ. ಕತ್ತರಿಸಿದರೆ ಶಬ್ದ ಹೆಚ್ಚುತ್ತದೆ, ಬಲ ಇಳಿಯುತ್ತದೆ.

ಮೊದಲ ಖರ್ಚು ಚಂದಕ್ಕಲ್ಲ, ಎಂಜಿನ್ನಿಗೆ. ಹಳೆಯ ಕ್ರ್ಯಾಂಕ್ ಸೀಲ್ ಒಣಗಿದ್ದರೆ ಎಂಜಿನ್ ಹೊರಗಿನ ಗಾಳಿ ಎಳೆದು, ಬಿಸಿಯಾಗಿ, ಪಿಸ್ಟನ್ ಜಾಮ್ ಆಗುತ್ತದೆ. ಸೀಲ್, ಬೇರಿಂಗ್, ಬ್ರೇಕ್ ಶೂ, ವೈರಿಂಗ್ ಎಲ್ಲ ಹೊಸದು. ಟ್ಯಾಂಕಿಗೆ ಹಳೆ ಚೈನು, ಸ್ವಲ್ಪ ಡೀಸೆಲ್ ಹಾಕಿ ಕುಲುಕಿ ಕುಲುಕಿ ತುಕ್ಕು ತೆಗೆದರು. ನಮ್ಮ ಮಳೆಗಾಲ ಬಿಟ್ಟ ಕಬ್ಬಿಣ ಎಲ್ಲಿದೆ ಹೇಳಿ!

ತಕರಾರು ಬಂದದ್ದು ಫ್ರೇಮಿನ ಹಿಂಭಾಗ ಕತ್ತರಿಸಿ ಒಂಟಿ ಸೀಟು ಮಾಡುತ್ತೇನೆ ಅಂದಾಗ. ಉಮ್ಮ ಅಷ್ಟರವರೆಗೆ ಏನೂ ಹೇಳಿರಲಿಲ್ಲ. "ಮೋನೇ, ನಾನು ಕೂತದ್ದು ಅಲ್ಲಿ. ನಿನ್ನನ್ನು ಮಡಿಲಲ್ಲಿ ಇಟ್ಕೊಂಡು ಆಸ್ಪತ್ರೆಗೆ ಹೋದದ್ದೂ ಅಲ್ಲೇ." ಹುಡುಗ ಎರಡು ದಿನ ಗ್ಯಾರೇಜಿಗೆ ಹೋಗಲಿಲ್ಲ.

ಕಾನೂನೂ ಉಮ್ಮನ ಕಡೆಗೇ ಇತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಆರ್‌ಸಿಯಲ್ಲಿ ಸೀಟು ಎರಡು ಎಂದಿದ್ದರೆ ಎರಡೇ ಇರಬೇಕು. 15 ವರ್ಷ ದಾಟಿದ ಬೈಕಿನ ಆರ್‌ಸಿ ನವೀಕರಣಕ್ಕೆ ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲಿಸಬೇಕು. ಇಲ್ಲಿ ಆರ್‌ಸಿ ಇನ್ನೂ ಉಪ್ಪನ ಹೆಸರಲ್ಲಿತ್ತು, ಅದನ್ನು ಮೊದಲು ವಾರಸುದಾರರಿಗೆ ವರ್ಗಾಯಿಸಬೇಕಾಯಿತು. ಕೆಲಸಕ್ಕೆ ಕೈಹಾಕುವ ಮೊದಲೇ ಈ ಕಾಗದಪತ್ರ ನೋಡಿಕೊಳ್ಳಿ. ಹೆಚ್ಚಿನ ಹುಡುಗರು ಪೈಂಟ್ ಆದ ಮೇಲೆ ನೋಡುತ್ತಾರೆ.

ಕೊನೆಗೆ ಕಾಕನೇ ದಾರಿ ಹುಡುಕಿದರು. ಫ್ರೇಮ್ ಮುಟ್ಟಲಿಲ್ಲ, ಹಳೆ ಸೀಟಿಗೆ ಹೊಸ ರೆಕ್ಸಿನ್ ಬಂತು. ಹಿಂದಿನ ಅರ್ಧಕ್ಕೆ ಫೈಬರಿನ ಗೂನು ಮುಚ್ಚಳ, ಎರಡು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಹ್ಯಾಂಡಲ್ ಸ್ವಲ್ಪ ತಗ್ಗಿತು, ಅಷ್ಟೆ. ಅಪ್ಪಟ ಕೆಫೆ ರೇಸರ್ ಅಲ್ಲ ಎಂದು ಬಲ್ಲವರು ಮೂಗು ಮುರಿಯಬಹುದು. ನನಗಂತೂ ಚಂದವೇ ಕಂಡಿತು.

ಮೊನ್ನೆ ಸಂಜೆ ಮುಚ್ಚಳ ಜಗಲಿಯ ಮೇಲಿತ್ತು. ಬೈಕೂ ಇರಲಿಲ್ಲ, ಉಮ್ಮನೂ ಇರಲಿಲ್ಲ.