ಎಳೆದ ಹೆದೆ ಇಳಿಸಲು ಮೂರನೇ ಕೈ ಬೇಕು!

ಕಾಸರಗೋಡು: ನಮ್ಮೂರಿನ ಲಾರಿ ಗ್ಯಾರೇಜಿಗೆ ಒಮ್ಮೆ ಹೋಗಿ ನೋಡಿ. ತೊಲೆಗೆ ಚೈನ್ ಬ್ಲಾಕ್ ತೂಗುಹಾಕಿ ಇಂಜಿನ್ ಎತ್ತುತ್ತಿರುತ್ತಾರೆ. ಚೈನು ಎಳೆಯುವ ಹುಡುಗನನ್ನು ಯಾರಾದರೂ ಕರೆದರೆ ಆತ ಕೈಬಿಟ್ಟು ಹೋಗಿಬಿಡುತ್ತಾನೆ. ಇಂಜಿನ್ ಇದ್ದಲ್ಲೇ ಇರುತ್ತದೆ. ಇಳಿಸಬೇಕಾದರೆ ಚೈನಿನ ಇನ್ನೊಂದು ಬದಿ ಎಳೆಯಬೇಕು, ಎಳೆದಷ್ಟೇ ಇಳಿಯುತ್ತದೆ. ಅದೇ ಬಾವಿಕಟ್ಟೆಯಲ್ಲಿ ತುಂಬಿದ ಕೊಡಪಾನ ಮೇಲೆ ಬರುವಾಗ ಹಗ್ಗ ಜಾರಿತೆನ್ನಿ. ಕೊಡಪಾನವೂ ಹೋಯಿತು, ಅಂಗೈ ಚರ್ಮವೂ ಹೋಯಿತು.

ಈ ಎರಡರ ನಡುವಿನ ವ್ಯತ್ಯಾಸವೇ ಕ್ರಾಸ್‌ಬೋ, ಅಂದರೆ ಅಡ್ಡಬಿಲ್ಲು ತಯಾರಿಸುವವರ ದೊಡ್ಡ ತಲೆನೋವು. ಎಳೆದು ಸಿಕ್ಕಿಸಿದ ಹೆದೆಯನ್ನು ಬಾಣ ಬಿಡದೆಯೇ ವಾಪಸು ಇಳಿಸುವುದು ಹೇಗೆ?

ಬಂದೂಕಿನಂತೆ ಹೆಗಲಿಗೆ ಕೊಟ್ಟು ಗುರಿಯಿಡುವ ಬಿಲ್ಲು ಇದು. ಮರದ ದಂಡದ ತುದಿಯಲ್ಲಿ ಬಿಲ್ಲು ಅಡ್ಡಡ್ಡ ಕೂತಿರುತ್ತದೆ. ಎಳೆದ ಹೆದೆಯನ್ನು ಒಂದು ಕೊಕ್ಕೆ ಹಿಡಿದಿಟ್ಟುಕೊಳ್ಳುತ್ತದೆ, ಟ್ರಿಗರ್ ಒತ್ತಿದರೆ ಬಿಡುತ್ತದೆ. ನಮಗೆ ಇದು ತೀರಾ ಅಪರಿಚಿತವೇನಲ್ಲ. ಕಾಸರಗೋಡು ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಅಲ್ಲಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ದಕ್ಷಿಣ ಭಾರತದ ಊದುಗೊಳವೆ, ಬೂಮರಾಂಗ್, ಅಡ್ಡಬಿಲ್ಲುಗಳ ಬಗ್ಗೆಯೇ 1924ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ದರು. ಮಲಯಾಳದಲ್ಲಿ ಮೀನು ಹೊಡೆಯುವ ಅಡ್ಡಬಿಲ್ಲಿಗೆ ತೆಟ್ಟಾಲಿ ಎನ್ನುತ್ತಾರೆ. ಈಗಿನ ಮಕ್ಕಳಿಗೆ ತೆಟ್ಟಾಲಿ ಅಂದರೆ ರಬ್ಬರಿನ ಕವಣೆ ಮಾತ್ರ.

ಇವತ್ತಿನ ಕ್ರಾಸ್‌ಬೋ ಬೇರೆಯೇ ಜಾತಿ. ಅಮೆರಿಕ, ಕೆನಡಾಗಳಲ್ಲಿ ಬೇಟೆಗೆ ಬಳಸುವ ಬಿಲ್ಲಿನ ಹೆದೆ ಎಳೆಯಲು 150 ಪೌಂಡು, ಅಂದರೆ ಸುಮಾರು 68 ಕಿಲೋ ಬಲ ಬೇಕು. ಒಂದಡಿ ಎಳೆದಾಗ ಸಾದಾ ಬಿಲ್ಲಿನಲ್ಲಿ ಸುಮಾರು 100 ಜೂಲ್ ಶಕ್ತಿ ತುಂಬಿಕೊಳ್ಳುತ್ತದೆ. 10 ಕಿಲೋ ಕಲ್ಲನ್ನು ಒಂದು ಮೀಟರ್ ಎತ್ತರದಿಂದ ಪಾದದ ಮೇಲೆ ಹಾಕಿಕೊಂಡಷ್ಟು. ಅಷ್ಟೂ ಶಕ್ತಿ ಹೊರಬೀಳುವುದು ಕಣ್ಣು ಮಿಟುಕಿಸುವ ಮೊದಲೇ. ದಾರಿಯಲ್ಲಿ ಬೆರಳಿದ್ದರೆ ಕೇಳುವುದೇ ಬೇಡ.

ಬೇಟೆಗೆ ಹೋದವರಿಗೆ ದಿನಾ ಬೇಟೆ ಸಿಗುತ್ತದೆಯೇ? ಸಂಜೆ ಕತ್ತಲಾಗುವಾಗ ಎಳೆದ ಬಿಲ್ಲು ಕೈಯಲ್ಲಿರುತ್ತದೆ. ಹಾಗೆಯೇ ಕಾರಿನಲ್ಲಿಟ್ಟರೆ ಅಲ್ಲಿನ ಹಲವು ಕಡೆ ಕಾನೂನಿಗೆ ವಿರುದ್ಧ. ಬಾಣವಿಲ್ಲದೆ ಟ್ರಿಗರ್ ಒತ್ತುವಂತೆಯೂ ಇಲ್ಲ. ಹೊತ್ತೊಯ್ಯಲು ಬಾಣವಿಲ್ಲದ ಶಕ್ತಿ ಬಿಲ್ಲಿಗೇ ತಿರುಗಿ ಬಡಿದು ರೆಕ್ಕೆ ಸೀಳುತ್ತದೆ, ಹೆದೆ ತುಂಡಾಗುತ್ತದೆ. ಹಾಗಾಗಬಾರದೆಂದೇ ಈಗಿನ ಬಿಲ್ಲುಗಳಲ್ಲಿ ಒಂದು ಚಿಕ್ಕ ತಡೆ ಇಟ್ಟಿರುತ್ತಾರೆ. ಬಾಣದ ಹಿಂಬದಿ ಒತ್ತದಿದ್ದರೆ ಅದು ಹೆದೆಯನ್ನು ಮುಂದೆ ಹೋಗಲು ಬಿಡುವುದಿಲ್ಲ.

ಹಳೆಯ ಉಪಾಯವೆಂದರೆ ಮೊಂಡು ಬಾಣವೊಂದನ್ನು ಇಟ್ಟು ಮೆತ್ತನೆ ಮಣ್ಣಿಗೋ ಗುರಿಹಲಗೆಗೋ ಹೊಡೆದುಬಿಡುವುದು. ಸಾದಾ ಬಿಲ್ಲಿಗೆ ಈಗಲೂ ಅದೇ ಸರಿಯಾದ ದಾರಿ. ಆದರೆ ಕೆಲವರು ಹೆದೆ ಎಳೆಯುವ ಹಗ್ಗವನ್ನೇ ಕೊಕ್ಕೆ ಹಾಕಿ ಹಿಡಿದು ಮೆಲ್ಲಗೆ ಇಳಿಸಲು ನೋಡುತ್ತಾರೆ. ಎರಡೂ ಕೈ ಹಗ್ಗದಲ್ಲಿ. ಹಾಗಾದರೆ ಆ ತಡೆಯನ್ನು ಎತ್ತಿ ಟ್ರಿಗರ್ ಒತ್ತುವುದು ಯಾರು ಮಾರಾಯ್ರೆ? ಒಂದೋ ಪಕ್ಕದವರು ಬರಬೇಕು, ಇಲ್ಲವೇ ಒಂದು ಕೈ ಬಿಡಬೇಕು. ಬೆರಳು ಹೋಗುವುದು ಆಗಲೇ.

ಆದ್ದರಿಂದ ಇಳಿಸುವ ಯಂತ್ರಕ್ಕೆ ಇರಬೇಕಾದ ಗುಣ ಒಂದೇ: ಭಾರ ಒಂದು ಕ್ಷಣವೂ ಅನಾಥವಾಗಬಾರದು.

ಹಿಡಿಕೆ ತಿರುಗಿಸಿ ಎಳೆಯುವ ಕ್ರ್ಯಾಂಕ್ ಬಂದಾಗ ಅರ್ಧ ಕೆಲಸ ಮುಗಿಯಿತು. ಎಳೆಯುವಾಗ ಹಲ್ಲಿನ ಚಕ್ರಕ್ಕೆ ಒಂದು ನಾಲಿಗೆ ಟಿಕ್ ಟಿಕ್ ಎಂದು ಬಿದ್ದು ಹಿಂದೆ ತಿರುಗದಂತೆ ತಡೆಯುತ್ತದೆ. ಇಳಿಸಬೇಕಾದರೆ ಅದೇ ನಾಲಿಗೆ ಎತ್ತಬೇಕು. ಎತ್ತಿದೊಡನೆ ಭಾರವೆಲ್ಲ ಹಿಡಿಕೆಗೆ. ಕೈ ಜಾರಿದರೆ ಹಿಡಿಕೆ ಗಿರ್ರನೆ ತಿರುಗಿ ಮಣಿಕಟ್ಟಿಗೆ ಹೊಡೆಯುತ್ತದೆ. ಬಾವಿಕಟ್ಟೆಯ ಕಥೆಯೇ.

ಇಲ್ಲಿಗೆ ಬಂದದ್ದು ನಮ್ಮ ಗ್ಯಾರೇಜಿನ ಚೈನ್ ಬ್ಲಾಕಿನ ಬುದ್ಧಿ. ಅದರೊಳಗಿರುವುದು 19ನೇ ಶತಮಾನದ ವೆಸ್ಟನ್ ಬ್ರೇಕ್. ಹಿಡಿಕೆ ಕೂತ ದಂಡದಲ್ಲಿ ಸ್ಕ್ರೂವಿನಂತೆ ತ್ರೆಡ್ ಇರುತ್ತದೆ. ಭಾರ ಹಿಂದಕ್ಕೆ ತಿರುಗಿಸಲು ಹೊರಟರೆ ಆ ತ್ರೆಡ್ ಬಿಗಿಯಾಗಿ ಎರಡು ಡಿಸ್ಕ್‌ಗಳನ್ನು ನಡುವಿನ ಹಲ್ಲಿನ ಚಕ್ರಕ್ಕೆ ಒತ್ತಿ ಹಿಡಿಯುತ್ತದೆ, ಚಕ್ರವನ್ನು ನಾಲಿಗೆ ತಡೆಯುತ್ತದೆ. ಭಾರ ಹೆಚ್ಚಿದಷ್ಟೂ ಹಿಡಿತ ಬಿಗಿ. ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದರೆ ತ್ರೆಡ್ ತುಸು ಸಡಿಲಾಗುತ್ತದೆ, ಭಾರ ಅಷ್ಟೇ ಇಳಿಯುತ್ತದೆ, ಇಳಿಯುತ್ತಲೇ ತನ್ನನ್ನು ತಾನೇ ಮತ್ತೆ ಬಿಗಿದುಕೊಳ್ಳುತ್ತದೆ. ನಾಲಿಗೆ ಎತ್ತುವ ಪ್ರಶ್ನೆಯೇ ಇಲ್ಲ. ಹಿಡಿಕೆ ಬಿಟ್ಟರೂ ಹೆದೆ ಅಲ್ಲಾಡದು. ವರ್ಮ್ ಗೇರ್ ಹಾಕಿದರೂ ಆಗುತ್ತದೆ, ಆದರೆ ತಾನಾಗಿ ನಿಲ್ಲುವ ವರ್ಮ್ ಗೇರಿನಲ್ಲಿ ನಮ್ಮ ಶ್ರಮದ ಅರ್ಧಕ್ಕಿಂತ ಹೆಚ್ಚು ಉಜ್ಜಾಟಕ್ಕೇ ಹೋಗುತ್ತದೆ. ತಿರುಗಿಸಿ ತಿರುಗಿಸಿ ಸಾಕಾಗುತ್ತದೆ.

ಬ್ರೇಕು ಸಿಕ್ಕಿದರೂ ಒಂದು ಸಂಧಿ ಉಳಿಯಿತು. ಟ್ರಿಗರಿನ ಕೊಕ್ಕೆಯಿಂದ ಕ್ರ್ಯಾಂಕಿನ ಕೊಕ್ಕೆಗೆ ಭಾರ ದಾಟುವ ಗಳಿಗೆ. ಕ್ರ್ಯಾಂಕಿನ ಕೊಕ್ಕೆ ಸರಿಯಾಗಿ ಕೂತಿದೆ ಅಂದುಕೊಂಡು ಟ್ರಿಗರ್ ಒತ್ತಿದರೆ, ಕೂತಿಲ್ಲದಿದ್ದರೆ? ಇತ್ತೀಚಿನ ಕೆಲವು ಅಮೆರಿಕನ್ ಬಿಲ್ಲುಗಳಲ್ಲಿ ಈ ದಾಟುವಿಕೆಯನ್ನೇ ತೆಗೆದುಹಾಕಿದ್ದಾರೆ. ಟ್ರಿಗರಿನ ಪೆಟ್ಟಿಗೆಯೇ ಹಳಿಯ ಮೇಲೆ ಮುಂದೆ ಹೋಗಿ ಹೆದೆಯನ್ನು ಕಚ್ಚಿಕೊಂಡು ಹಿಂದೆ ಬರುತ್ತದೆ. ಇಳಿಸುವಾಗ ಕಚ್ಚಿಕೊಂಡೇ ಮುಂದೆ ಹೋಗಿ, ಹೆದೆ ಸಡಿಲಾದ ಮೇಲಷ್ಟೇ ಬಾಯಿ ಬಿಡುತ್ತದೆ. ಹೊಸತೆಂದು ಬೀಗುವಂತಿಲ್ಲ. ಪ್ರಾಚೀನ ಗ್ರೀಕರ ಗ್ಯಾಸ್ಟ್ರಾಫಿಟೀಸ್ ಎಂಬ ಬಿಲ್ಲಿನಲ್ಲೂ ಹೆದೆ ಹಿಡಿಯುವ ಕೊಕ್ಕೆ ಜಾರುವ ಪಟ್ಟಿಯ ಮೇಲೆಯೇ ಇತ್ತು. ಹೊಟ್ಟೆಯಿಂದ ಒತ್ತಿ ಅದನ್ನು ಹಿಂದೆ ತಳ್ಳುತ್ತಿದ್ದರಂತೆ. ಅಲೆಕ್ಸಾಂಡ್ರಿಯಾದ ಹೀರೋ ಅದನ್ನು ವಿವರಿಸಿದ್ದಾನೆ.

ಓದುಗರಿಗೆ ಒಂದು ಮಾತು. ವಯನಾಡಿನ ಕಾಡಂಚಿನಲ್ಲಾಗಲಿ ನಮ್ಮ ತೋಟದಲ್ಲಾಗಲಿ ಹಂದಿ ಹೊಡೆಯಲು ಇದು ಆದೀತು ಎಂದು ಲೆಕ್ಕ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲುಬಾಣವೂ ಆಯುಧವೇ.

ಆದರೆ ಎಂಜಿನಿಯರಿಂಗ್ ಓದುವ ಮಕ್ಕಳು ಗಡಿನಾಡಿನಲ್ಲಿ ಮನೆಗೊಬ್ಬರಿದ್ದಾರೆ. ಈ ಇಳಿಸುವ ಯಂತ್ರವನ್ನು ಪ್ರಾಜೆಕ್ಟಿಗೆ ಮಾಡಿ ನೋಡಬಹುದು. ಅದಕ್ಕೆ ಬಿಲ್ಲೇ ಬೇಕಾಗಿಲ್ಲ. ಕ್ರ್ಯಾಂಕಿನ ಹಗ್ಗಕ್ಕೆ 70 ಕಿಲೋ ಮರಳಿನ ಚೀಲ ಕಟ್ಟಿ, ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಂಡು ನೆಲದಿಂದ ಒಂದಡಿ ಎತ್ತಿ. ಇಳಿಸುತ್ತಾ ಪ್ರತಿ ಅರ್ಧ ಸುತ್ತಿಗೊಮ್ಮೆ ಹಿಡಿಕೆಯಿಂದ ಕೈ ತೆಗೆಯಿರಿ. ಚೀಲ ನಿಲ್ಲಬೇಕು. ಆಮೇಲೆ ಬ್ರೇಕಿನ ಡಿಸ್ಕಿಗೆ ನೀರು ಚಿಮುಕಿಸಿ ಮತ್ತೆ ನೋಡಿ, ಕೊನೆಗೆ ಎರಡು ಹನಿ ಎಣ್ಣೆ ಬಿಟ್ಟು ನೋಡಿ. ಮಳೆಗಾಲದ ನಮ್ಮೂರಿನಲ್ಲಿ ತುಕ್ಕಿಗೆ ಹೆದರಿ ಎಲ್ಲದಕ್ಕೂ ಎಣ್ಣೆ ಹಚ್ಚುವವರು ನಾವು. ಒಣಗಿರಬೇಕಾದ ಡಿಸ್ಕಿಗೂ ಯಾರಾದರೊಬ್ಬರು ಹಚ್ಚಿಯೇ ಹಚ್ಚುತ್ತಾರೆ.